ಅಟ್ರೊಪಿನ್ ಕಣ್ಣಿನ ಔಷಧ

ಕಣ್ಣಿನ ಪಾಪೆಯನ್ನು ಹಿಗ್ಗಿಸುವ ಹನಿ ಅಥವಾ ಮುಲಾಮು. ವೈದ್ಯರ ಚೀಟಿಯಿದ್ದರೆ ಮಾತ್ರ ಬಳಸತಕ್ಕದ್ದು. ಬೆಲ್ಲಡೋನದಂಥ ವಿಷಸಸ್ಯಗಳಲ್ಲಿರುವ ಆಲ್ಕಲಾಯ್ಡ್ ಇದು. ಪಾಪೆಯನ್ನು ಕಿರಿದಾಗಿಸುವ ಸ್ನಾಯುವನ್ನೂ ಹತ್ತಿರದ ನೋಟ ಹೊಂದಿಸುವ ಸ್ನಾಯುವನ್ನೂ ಸಡಿಲಿಸುತ್ತದೆ. ಮಕ್ಕಳ ಕನ್ನಡಕದ ನಂಬರು ನಿಖರವಾಗಿ ತಿಳಿಯಲು, ಯುವಿಯೈಟಿಸ್ ಉರಿಯೂತದ ನೋವು ತಗ್ಗಿಸಲು ಕೊಡುತ್ತಾರೆ.

1% ಔಷಧದ ಪ್ರಭಾವ ಒಂದೆರಡು ವಾರ ಉಳಿಯಬಹುದು. ಅಷ್ಟೂ ದಿನ ಬಿಸಿಲು ಕಣ್ಣು ಕುಕ್ಕುತ್ತದೆ, ಪುಸ್ತಕದ ಅಕ್ಷರ ಮಸುಕಾಗುತ್ತದೆ. ನೋಟ ತಿಳಿಯಾಗುವವರೆಗೆ ವಾಹನ ಓಡಿಸಬಾರದು.

ಹಾಕಿದ ಹನಿಯೆಲ್ಲ ಕಣ್ಣಲ್ಲೇ ನಿಲ್ಲುವುದಿಲ್ಲ ಎಂಬುದೇ ಮುಖ್ಯ ಅಪಾಯ. ಕಣ್ಣೀರಿನ ನಾಳದಿಂದ ಮೂಗಿಗಿಳಿದು ರಕ್ತ ಸೇರುತ್ತದೆ. ಆದ್ದರಿಂದ ಹನಿ ಹಾಕಿದ ಕೂಡಲೇ ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಕಣ್ಣಂಚನ್ನು ಬೆರಳ ತುದಿಯಿಂದ 2–3 ನಿಮಿಷ ಮೆತ್ತಗೆ ಒತ್ತಿ ಹಿಡಿಯಬೇಕು. ಚಿಕ್ಕ ಮಕ್ಕಳಲ್ಲಿ ಇದನ್ನು ಎಂದೂ ಬಿಡಬಾರದು. ಆಮೇಲೆ ಕೈ ತೊಳೆಯಬೇಕು. ಮಗುವಿನ ಮುಖ ಕೆಂಪೇರಿ, ಜ್ವರ ಬಂದು, ಬಾಯಿ ಒಣಗಿ, ಎದೆಬಡಿತ ಹೆಚ್ಚಿ, ಮಾತು ಅಸಂಬದ್ಧವಾದರೆ ಔಷಧ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಕಿರಿದಾದ ಕೋನದ ಗ್ಲಾಕೋಮಾ ಇರುವವರಿಗೆ ಇದು ಕಣ್ಣಿನ ಒತ್ತಡವನ್ನು ಹಠಾತ್ತನೆ ಏರಿಸಿ ದೃಷ್ಟಿಯನ್ನೇ ಕಸಿಯಬಲ್ಲದು. ಒಬ್ಬರಿಗೆ ಬರೆದುಕೊಟ್ಟ ಬಾಟಲಿಯನ್ನು ಮನೆಯ ಇನ್ನೊಬ್ಬರು ಬಳಸಕೂಡದು. ಮಕ್ಕಳು ಕುಡಿದರೆ ಪ್ರಾಣಾಪಾಯವಿರುವುದರಿಂದ ಬೀಗ ಹಾಕಿದ ಕಪಾಟಿನಲ್ಲಿಡುವುದು ಲೇಸು.