ಟೇಪಿನಲ್ಲಿ ಉಳಿದ ನಗೆ

ಮೈಸೂರಿನ 'ವಿಠ್ಠಲ ವಿಹಾರ'ದಿಂದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಪ್ರಸಾರವನ್ನು ಆರಂಭಿಸಿದ್ದು 1935ರ ಸೆಪ್ಟೆಂಬರಿನಲ್ಲಿ. ಅದರ ಹಿಂದಿನ ತಿಂಗಳಷ್ಟೇ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ, ದನಿಯನ್ನು ಟೇಪಿನ ಮೇಲೆ ಹಿಡಿದಿಡುವ ಯಂತ್ರವನ್ನು ಜರ್ಮನರು ಮೊದಲ ಬಾರಿಗೆ ಜನರ ಮುಂದಿಟ್ಟಿದ್ದರು. ಎರಡೂ ಒಂದೇ ವರ್ಷದ ಕೂಸುಗಳು. ಆದರೆ ಅವು ನಮ್ಮಲ್ಲಿ ಸಂಧಿಸಿದ್ದು ಬಹಳ ತಡವಾಗಿ. ಮೈಸೂರು ನಿಲಯದಲ್ಲಿ ದುಡಿದ ನಾ. ಕಸ್ತೂರಿಯವರ 'ಅನರ್ಥಕೋಶ'ವನ್ನು ಇಂದೂ ಓದಿ ನಗಬಹುದು, ಅದು ಅಚ್ಚಾಗಿದೆ. ಮೈಕಿನ ಮುಂದೆ ನೇರವಾಗಿ ಆಡಿದ ಮಾತಿಗೆ ಆ ಭಾಗ್ಯವಿರಲಿಲ್ಲ.

ಟೇಪು ಬಂದ ಮೇಲಾದರೂ ನಗೆ ಉಳಿಯಿತೇ? ಟೇಪಿನ ದೊಡ್ಡ ಗುಣವೇ ಅದರ ದೊಡ್ಡ ದೋಷ: ಅಳಿಸಿ ಮತ್ತೆ ಬಳಸಬಹುದು. ಏಳು ಅಂಗುಲದ ಸುರುಳಿಯೊಂದರಲ್ಲಿ 1200 ಅಡಿ ಟೇಪು. ಸೆಕೆಂಡಿಗೆ ಏಳೂವರೆ ಅಂಗುಲದ ವೇಗದಲ್ಲಿ ಅರ್ಧ ಗಂಟೆಯ ಕಾರ್ಯಕ್ರಮ. ಬೆಲೆಬಾಳುವ ವಸ್ತು. ಅದರ ಮೇಲಿನ ಹಾಸ್ಯರೂಪಕ ಒಮ್ಮೆ ಪ್ರಸಾರವಾಯಿತೆಂದರೆ ಅದರ ಕೆಲಸ ಮುಗಿದಂತೆ. ವಿದ್ವಾಂಸರ ಸಂಗೀತ ಕಛೇರಿಯನ್ನು ಅಳಿಸಲು ಹಿಂಜರಿಯುವ ಕೈ ಪ್ರಹಸನವನ್ನು ಅಳಿಸಲು ಹಿಂಜರಿಯದು. ನಗೆಯನ್ನು ಹಗುರವೆಂದು ಎಣಿಸುವ ನಮ್ಮ ಪಂಡಿತ ಪರಂಪರೆಗೂ ಇದರಲ್ಲಿ ಪಾಲುಂಟು.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಬಿಬಿಸಿಯಲ್ಲಿ 1951ರಿಂದ ನಡೆದ 'ಗೂನ್ ಷೋ' ಎಂಬ ವಿಖ್ಯಾತ ಹಾಸ್ಯಮಾಲೆಯ ಮೊದಮೊದಲ ಕಂತುಗಳು ಬಹುಪಾಲು ನಷ್ಟವಾದವು. ಮುಂದಿನವುಗಳಲ್ಲಿ ಅನೇಕ ಕಂತುಗಳು ಉಳಿದದ್ದು, ಹೊರದೇಶದ ನಿಲಯಗಳಿಗೆ ಮಾರಲೆಂದು ಅವುಗಳ ಪ್ರತಿಗಳನ್ನು ತೆಗೆದದ್ದರಿಂದ. ವ್ಯಾಪಾರ ಸಾಹಿತ್ಯಕ್ಕೆ ಉಪಕಾರ ಮಾಡಿದ ಅಪರೂಪದ ಪ್ರಸಂಗವಿದು!

ಧಾರವಾಡದಲ್ಲಿ ಆಕಾಶವಾಣಿ ಶುರುವಾದದ್ದು 1950ರ ಜನವರಿಯಲ್ಲಿ. ಅಲ್ಲಿ ಎನ್ಕೆ ಕುಲಕರ್ಣಿಯವರಂಥ ಹಾಸ್ಯಪಟುಗಳಿದ್ದರು. ದಾವಣಗೆರೆ, ಹರಿಹರಗಳ ನಾವು ಹಳೆ ಮೈಸೂರಿನ ಮಾತಿಗೂ ಧಾರವಾಡದ ಮಾತಿಗೂ ನಡುವಿನ ಹೊಸ್ತಿಲಲ್ಲಿ ಕುಳಿತವರು. ಆ ಕಡೆಯ 'ಹೌದ್ರೀ' ಎಂಬ ಒಂದೇ ಮಾತು ಒಪ್ಪಿಗೆಯೂ ಆಗಬಲ್ಲದು, ಕುಚೋದ್ಯವೂ ಆಗಬಲ್ಲದು. ಹಸ್ತಪ್ರತಿಯಲ್ಲಿ ಕಾಣುವುದು ಬರಿಯ ಎರಡಕ್ಷರ. ಎಳೆತ, ತಡೆತ, ಕೊನೆಯ ಕೊಂಕು ಇವೆಲ್ಲ ದನಿಯಲ್ಲಿ ಮಾತ್ರ. ಐವತ್ತು ವರ್ಷಗಳ ಹಿಂದೆ ಜನ ಹೇಗೆ ಮಾತನಾಡುತ್ತಿದ್ದರೆಂದು ನಾಳೆ ಭಾಷಾಶಾಸ್ತ್ರದ ವಿದ್ಯಾರ್ಥಿ ಕೇಳಿದರೆ, ಗಂಭೀರ ಭಾಷಣಗಳ ಗ್ರಾಂಥಿಕ ಕನ್ನಡದಲ್ಲಿ ಉತ್ತರ ಸಿಗದು. ಅದು ಇದ್ದದ್ದು ಪ್ರಹಸನಗಳಲ್ಲಿ.

ಆದುದರಿಂದ ಮನೆಯ ಅಟ್ಟದ ಮೇಲಿನ ಹಳೆಯ ಟೇಪು, ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ನೋಡಿರಿ. ರೇಡಿಯೋ ಕೇಳುತ್ತಲೇ ಅದನ್ನು ಮುದ್ರಿಸಿಕೊಂಡ ರಸಿಕರು ಇದ್ದರು. ಹಳೆಯ ಅಸಿಟೇಟ್ ಟೇಪು ಕೆಡತೊಡಗಿದರೆ ಹುಳಿವಾಸನೆ ಬರುತ್ತದೆ, ಎಳೆದರೆ ತುಂಡಾಗುತ್ತದೆ. ಅದನ್ನು ಅವಸರದಿಂದ ಯಂತ್ರಕ್ಕೆ ಹಾಕದೆ ಬಲ್ಲವರಿಗೆ ತೋರಿಸಬೇಕು. ಕಂಪ್ಯೂಟರಿಗೆ ಇಳಿಸಿದ ಪ್ರತಿಯನ್ನು ಎರಡು ಮನೆಗಳಲ್ಲಿ ಇಡಬೇಕು. ಡಬ್ಬಿಯ ಮೇಲಿನ ಚೀಟಿಯನ್ನು ಮಾತ್ರ ಕೀಳಬೇಡಿ. ದಿನಾಂಕ, ನಿಲಯ, ನಟರ ಹೆಸರು ಬಹಳ ಸಲ ಇರುವುದು ಅಲ್ಲೊಂದೇ ಕಡೆ.