ಹೆಣ್ಣಿಗೆ ಮಾತ್ರ ತಪಾಸಣೆ

1868ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಹೆಸರೇನೋ ದೊಡ್ಡದು, ಚಿಂತೆಯೆಲ್ಲ ದಂಡಿನ ಸಿಪಾಯಿಗಳಿಗೆ ತಗಲುತ್ತಿದ್ದ ಗುಹ್ಯರೋಗಗಳದು. ವೇಶ್ಯೆಯರು ಹೆಸರು ನೋಂದಾಯಿಸಿ ತಪಾಸಣೆಗೆ ಒಳಪಡಬೇಕು. ರೋಗ ಕಂಡರೆ ಗುಹ್ಯರೋಗಗಳಿಗೆಂದೇ ಇದ್ದ ಲಾಕ್ ಆಸ್ಪತ್ರೆಯಲ್ಲಿ ಬಂಧನ. ಆ ಕಾಲದ ವೈದ್ಯಕ್ಕೆ ಇಷ್ಟೇ ಸಾಧ್ಯವಿತ್ತು ಎಂದು ಸಮರ್ಥಿಸಬಹುದು. ಅದು ಅರ್ಧ ಸತ್ಯ. ಸಿಫಿಲಿಸ್‌ನ ರೋಗಾಣು ಪತ್ತೆಯಾದದ್ದು 1905ರಲ್ಲಿ, ರಕ್ತಪರೀಕ್ಷೆ ಬಂದದ್ದು 1906ರಲ್ಲಿ. ಅದಕ್ಕೂ ಮೊದಲು ಕಣ್ಣಿಗೆ ಕಾಣುವ ಹುಣ್ಣೇ ಗುರುತು. ಹುಣ್ಣು ತಾನಾಗಿ ಮಾಯ್ದರೂ ರೋಗ ಒಳಗೇ ಉಳಿಯುತ್ತದೆ. ಹೆಂಗಸರಲ್ಲಿ ಗೊನೊರಿಯಾ ಎಷ್ಟೋ ಸಲ ಲಕ್ಷಣವನ್ನೇ ತೋರುವುದಿಲ್ಲ. ಆದರೆ ಗಂಡಸರಿಂದಲೂ ರೋಗ ಹರಡುತ್ತದೆಂದು ವೈದ್ಯರಿಗೆ ಆಗಲೇ ತಿಳಿದಿತ್ತು. ತಿಳಿದೂ ಕಾಯ್ದೆ ಹೆಣ್ಣನ್ನಷ್ಟೇ ಹಿಡಿಯಿತು. ಬಂಧನಕ್ಕೆ ಹೆದರಿದವರು ತಲೆಮರೆಸಿಕೊಂಡರು, ಅವರೊಂದಿಗೆ ರೋಗವೂ. 1888ರಲ್ಲಿ ಕಾಯ್ದೆ ರದ್ದಾಯಿತು. ಸಿಫಿಲಿಸ್‌ಗೆ ಪೆನಿಸಿಲಿನ್ ಚಿಕಿತ್ಸೆ ಶುರುವಾದದ್ದು 1943ರಲ್ಲಿ.