ಮಳವಲಿಯ ಕಲ್ಲಚ್ಚು, ಟಿವಿ ಗೇಮಿನ ಗೊಂಬೆ



ಮುಂಬಯಿಯಿಂದ ಪುಣೆಗೆ ಬರುವ ರೈಲು ಘಾಟಿ ಹತ್ತಿ ಲೋಣಾವಳಾದಲ್ಲಿ ನಿಂತ ಕೂಡಲೇ ನಾವೆಲ್ಲ ಮಾಡುವ ಮೊದಲ ಕೆಲಸ ಚಿಕ್ಕಿ ಕೊಳ್ಳುವುದು. ಕೊಂಡಾಯಿತೇ? ಹಾಗಾದರೆ ಪುಣೆಯ ಕಡೆಗೆ ಇನ್ನೊಂದೇ ನಿಲ್ದಾಣ ಮುಂದೆ ಬನ್ನಿ. ಮಳವಲಿ. (ಮಂಡ್ಯ ಜಿಲ್ಲೆಯ ಮಳವಳ್ಳಿಯಲ್ಲ!) ಕಾರ್ಲಾ, ಭಾಜೆ ಗುಹೆಗಳನ್ನು ನೋಡಹೋಗುವವರು ಇಳಿಯುವ ಪುಟ್ಟ ಸ್ಟೇಷನ್. ನಾನು ಹೇಳಹೊರಟಿರುವುದು ಕಂಪ್ಯೂಟರ್ ಆಟಗಳ ಒಂದು ಸಂಗತಿ. ಅದಕ್ಕೂ ಈ ಊರಿಗೂ ಏನು ನಂಟು ಎನ್ನುತ್ತೀರಾ? ಸ್ವಲ್ಪ ತಾಳ್ಮೆ ಇರಲಿ. ರೇಡಿಯೋದಲ್ಲಿ ಚಿತ್ರ ತೋರಿಸುವಂತಿಲ್ಲ, ಅದಕ್ಕೇ ಈ ಪುಟಕ್ಕೆ ಬಂದಿದ್ದೇನೆ.

ನನ್ನ ಅಕ್ಕನ ಮಗಳು ಆರನೇ ತರಗತಿ. ಶಾಲೆಯಲ್ಲಿ ‘ಸ್ಕ್ರ್ಯಾಚ್’ ಎಂಬ ತಂತ್ರಾಂಶದಲ್ಲಿ ಗೇಮ್ ಮಾಡುವುದನ್ನು ಕಲಿಸುತ್ತಿದ್ದಾರೆ. ಅಮೆರಿಕದ ಎಂಐಟಿಯವರು 2007ರಲ್ಲಿ ಮಕ್ಕಳಿಗಾಗಿ ಹೊರತಂದದ್ದು. ಮೊನ್ನೆ ಅವಳು, ‘‘ಮಾಮಾ, ಈ ಬೆಕ್ಕಿಗೆ ಸ್ಪ್ರೈಟ್ ಅಂತಾರಂತೆ. ಸ್ಪ್ರೈಟ್ ಅಂದ್ರೆ ಕೂಲ್‌ಡ್ರಿಂಕ್ ಅಲ್ವಾ?’’ ಎಂದು ಕೇಳಿದಳು. ಅಲ್ಲಮ್ಮಾ, ಇಂಗ್ಲಿಷಿನಲ್ಲಿ ಸ್ಪ್ರೈಟ್ ಎಂದರೆ ಗಾಳಿಯಲ್ಲಿ ಸುಳಿದಾಡುವ ಪುಟ್ಟ ಯಕ್ಷಿಣಿ. ಪರದೆಯ ಚಿತ್ರದ ಮೇಲೆ ತೇಲುತ್ತದೆ, ಆದರೆ ಅದಕ್ಕೆ ಅಂಟಿಕೊಳ್ಳುವುದಿಲ್ಲ. ಇಷ್ಟು ಹೇಳಿದ ಮೇಲೆ ನನಗೇ ಅನ್ನಿಸಿತು, ಉತ್ತರ ಇನ್ನೂ ಉದ್ದವಿದೆ ಎಂದು.

ತೊಡಕು ಏನೆಂದರೆ, ಪರದೆಯ ಮೇಲೆ ಒಂದು ಮರ, ಅದರ ಮುಂದೆ ಓಡುವ ಒಬ್ಬ ಹುಡುಗ ಇದ್ದಾನೆ ಎನ್ನಿ. ಹುಡುಗ ಒಂದು ಹೆಜ್ಜೆ ಇಟ್ಟರೆ ಅವನು ಹಿಂದೆ ನಿಂತಿದ್ದ ಜಾಗದಲ್ಲಿ ಮರವನ್ನು ಮತ್ತೆ ಬರೆಯಬೇಕು, ಹೊಸ ಜಾಗದಲ್ಲಿ ಹುಡುಗನನ್ನು ಬರೆಯಬೇಕು. ಸೆಕೆಂಡಿಗೆ ಹತ್ತಾರು ಸಲ! 1978ರಲ್ಲಿ ಜಪಾನಿನಿಂದ ಬಂದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಈ ಕೆಲಸವನ್ನೆಲ್ಲ ಒಂದೇ ಪ್ರೊಸೆಸರ್ ಹೊತ್ತಿತ್ತು. ಪರದೆಯ ತುಂಬ ಶತ್ರುಗಳಿದ್ದಾಗ ಅದಕ್ಕೆ ಏದುಸಿರು. ಒಂದೊಂದೇ ಶತ್ರು ಸತ್ತಂತೆ ಬರೆಯುವ ಕೆಲಸ ಕಡಿಮೆಯಾಗಿ, ಉಳಿದವರು ಜೋರಾಗಿ ಓಡತೊಡಗಿದರು. ಆಟದ ರೋಚಕತೆ ಎಂದು ಜಗತ್ತೆಲ್ಲ ಮೆಚ್ಚಿದ್ದು ಹುಟ್ಟಿದ್ದು ಯಂತ್ರದ ಬಡತನದಿಂದ.

ಈ ಕಷ್ಟಕ್ಕೆ ಪರಿಹಾರ ಸರಳ. ನಿಲ್ಲುವುದನ್ನು ಬೇರೆ ಇಡು, ಚಲಿಸುವುದನ್ನು ಬೇರೆ ಇಡು, ನೋಡುವವನ ಕಣ್ಣಿಗೆ ಮಾತ್ರ ಎರಡನ್ನೂ ಸೇರಿಸು. 1979ರ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಒಂದು ಹೀಗೆ 32 ಗೊಂಬೆಗಳನ್ನು ಹಿನ್ನೆಲೆಯ ಮೇಲೆ ತೇಲಿಸುತ್ತಿತ್ತು. 1982ರ ಕಮೋಡೋರ್ 64 ಕಂಪ್ಯೂಟರಿಗೆ ಎಂಟು ಗೊಂಬೆ. ಒಂದೊಂದೂ 24 ಚುಕ್ಕಿ ಅಗಲ, 21 ಚುಕ್ಕಿ ಎತ್ತರ. ಗೊಂಬೆಯ ಸುತ್ತಲಿನ ಖಾಲಿ ಚೌಕ ಕಾಣಬಾರದು, ಆದ್ದರಿಂದ ‘ಇಲ್ಲಿ ಹಿಂದಿನದು ಕಾಣಲಿ’ ಎನ್ನುವ ಗುರುತೂ ಚಿತ್ರದಲ್ಲೇ ಇರುತ್ತಿತ್ತು.

ಇದನ್ನು ಕೇಳಿದಾಗ ನಿಮಗೆ ಏನು ನೆನಪಾಯಿತು? ನನಗಂತೂ ತೊಗಲುಗೊಂಬೆ. ಬಿಳಿ ಪರದೆ, ಹಿಂದೆ ದೀಪ, ಕೊರೆದು ಬಣ್ಣ ಹಚ್ಚಿದ ತೊಗಲು. ಆಂಧ್ರದ ಗೊಂಬೆಗಳಿಗೆ ಕೈಕಾಲುಗಳ ಕೀಲು ಹೆಚ್ಚು. ನಮ್ಮ ಕಡೆ ಇಡೀ ದೃಶ್ಯವನ್ನೇ ಒಂದು ತೊಗಲಿನಲ್ಲಿ ಕೊರೆದಿರುವುದೂ ಉಂಟು, ಒಂದೇ ಪಾತ್ರಕ್ಕೆ ಬೇರೆ ಬೇರೆ ಭಾವದ ಬೇರೆ ಬೇರೆ ಗೊಂಬೆಗಳೂ ಉಂಟು. ಪಾತ್ರ ಎಡಕ್ಕೆ ತಿರುಗಬೇಕಾದರೆ ಗೊಂಬೆಯನ್ನು ಮಗುಚಿದರಾಯಿತು, ಬಣ್ಣ ಎರಡೂ ಬದಿಗೆ ಕಾಣುತ್ತದಲ್ಲ! 1983ರಲ್ಲಿ ಬಂದ ನಿಂಟೆಂಡೋ ಯಂತ್ರದಲ್ಲಿ ಪ್ರತಿ ಗೊಂಬೆಗೆ ನಾಲ್ಕು ಬೈಟ್ ಮಾಹಿತಿ. ಎಷ್ಟು ಕೆಳಗೆ, ಯಾವ ಚಿತ್ರ, ಎಷ್ಟು ಬಲಕ್ಕೆ ಎಂಬ ಮೂರರ ಜೊತೆಗೆ, ನಾಲ್ಕನೆಯದರಲ್ಲಿ ‘ಮಗುಚು’ ಎಂಬ ಸೂಚನೆಯೂ ಇತ್ತು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅಂದ ಹಾಗೆ, ಕನ್ನಡದಲ್ಲಿ ಕಥೆ ಹೇಳುವ ಈ ಸಮುದಾಯದ ಮನೆಮಾತು ಮರಾಠಿಗೆ ಹತ್ತಿರದ್ದು.

ಈಗ ಮಳವಲಿಗೆ ಬರೋಣ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಮೊದಲು ಅಚ್ಚಾದದ್ದು ಶಕುಂತಲೆಯ ಜನನದ ಚಿತ್ರ. ಅರಮನೆಯ ಗೋಡೆಯಲ್ಲಿದ್ದ ಲಕ್ಷ್ಮಿ, ಸರಸ್ವತಿಯರು ನಮ್ಮ ಅಜ್ಜಿಯರ ದೇವರ ಮನೆಗೆ ಬಂದದ್ದು ಹೀಗೆ. ಆದರೆ ಎರಡೇ ವರ್ಷಕ್ಕೆ ಮುಂಬಯಿಗೆ ಪ್ಲೇಗು ಬಡಿಯಿತು. ಕೆಲಸಗಾರರು ಊರು ಬಿಟ್ಟರು, ಸಾಲ ಬೆಳೆಯಿತು. ಮುದ್ರಣಾಲಯ ಊರಾಚೆಗೆ ಹೋಗಿ, ಕೊನೆಗೆ 1899ರಲ್ಲಿ ಲೋಣಾವಳಾ ಪಕ್ಕದ ಈ ಮಳವಲಿಗೆ ಬಂತು. ಕೆಲವೇ ವರ್ಷಗಳಲ್ಲಿ ರವಿವರ್ಮರು ಅದನ್ನು ತಮ್ಮಲ್ಲೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಶರ್‌ಗೆ ಮಾರಿಬಿಟ್ಟರು.

ಕಲ್ಲಚ್ಚಿನ ಕೆಲಸ ಹೇಗಿತ್ತು ಎಂದು ತುಸು ನಿಂತು ನೋಡಬೇಕು. ಜರ್ಮನಿಯ ನುಣುಪಾದ ಸುಣ್ಣಕಲ್ಲು. ಅದರ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ, ಅದೂ ಎಡಬಲ ತಿರುವುಮುರುವಾಗಿ. ಕಲ್ಲಿಗೆ ನೀರು ಸವರಿ ಶಾಯಿ ಉರುಳಿಸಿದರೆ ಜಿಡ್ಡಿರುವ ಕಡೆ ಮಾತ್ರ ಶಾಯಿ ನಿಲ್ಲುತ್ತದೆ. ಒಂದು ಬಣ್ಣಕ್ಕೆ ಒಂದು ಕಲ್ಲು! ಲಕ್ಷ್ಮಿಯ ಸೀರೆಯ ಕೆಂಪಿಗೆ ಒಂದು, ಮೈಬಣ್ಣಕ್ಕೆ ಒಂದು, ಅದರ ನೆರಳಿಗೆ ಇನ್ನೊಂದು, ಹೀಗೆ ಹತ್ತು-ಹನ್ನೆರಡು ಕಲ್ಲುಗಳು. ಇಡೀ ಚಿತ್ರವನ್ನು ಕಣ್ಣಲ್ಲೇ ಪದರ ಪದರವಾಗಿ ಬಿಡಿಸಿ, ಯಾವುದರ ಮೇಲೆ ಯಾವುದು ಬರಬೇಕು, ಎಲ್ಲಿ ಖಾಲಿ ಬಿಡಬೇಕು ಎಂದು ಮೊದಲೇ ತೀರ್ಮಾನಿಸಬೇಕು. ಒಂದೇ ಹಾಳೆ ಹನ್ನೆರಡು ಸಲ ಯಂತ್ರದೊಳಗೆ ಹೋಗಿಬರಬೇಕು. ಒಮ್ಮೆ ಕೂದಲೆಳೆಯಷ್ಟು ಜರುಗಿದರೂ ದೇವಿಯ ತುಟಿಯ ಕೆಂಪು ಕೆನ್ನೆಗೆ ಬಂದು ಕೂರುತ್ತದೆ.

1982ರ ಸ್ಪೆಕ್ಟ್ರಮ್ ಕಂಪ್ಯೂಟರಿನಲ್ಲೂ ಇದೇ ಗೋಳು. ಭಾರತದಲ್ಲೂ ಮಾರಾಟವಾದ ಈ ಯಂತ್ರದಲ್ಲಿ ಗೊಂಬೆ ತೇಲಿಸುವ ಚಿಪ್ ಇರಲಿಲ್ಲ. ಬಣ್ಣವೂ ಎಂಟೆಂಟು ಚುಕ್ಕಿಗಳ ಚೌಕಕ್ಕೆ ಒಟ್ಟಾಗಿ ಎರಡೇ. ಕೆಂಪು ಹುಡುಗ ಹಸಿರು ಮರದ ಮುಂದೆ ಬಂದರೆ ಮರದ ತುಂಡಿಗೂ ಕೆಂಪು ಮೆತ್ತಿಕೊಳ್ಳುತ್ತಿತ್ತು. ಆಗ ಪ್ರೋಗ್ರಾಮ್ ಬರೆಯುವವರು ಏನು ಮಾಡಿದರು? ಹುಡುಗನ ಆಕಾರದ ಒಂದು ಮುಸುಕು ಚಿತ್ರ ಮಾಡಿ, ಮೊದಲು ಅದರಿಂದ ಹಿನ್ನೆಲೆಯಲ್ಲಿ ತೂತು ಕೊರೆದು, ಆ ತೂತಿನಲ್ಲಿ ಹುಡುಗನನ್ನು ಕೂರಿಸಿದರು. ಮಳವಲಿಯಲ್ಲಿ ಕಲ್ಲಿನ ಮೇಲೆ ಜಾಗ ಖಾಲಿ ಬಿಡುತ್ತಿದ್ದರಲ್ಲ, ಅದೇ ಲೆಕ್ಕ. ಬಣ್ಣದ ಗೋಳು ಮಾತ್ರ ಹಾಗೇ ಉಳಿಯಿತು.

ಈ ಮುದ್ರಣಾಲಯಕ್ಕಾಗಿ ಫೋಟೋದಿಂದ ಕಲ್ಲಿಗೆ ಚಿತ್ರ ಇಳಿಸುವ ಕೆಲಸ ಮಾಡುತ್ತಾ ಲೋಣಾವಳಾದಲ್ಲಿ ಒಬ್ಬರು ನೆಲೆಸಿದ್ದರು. ಮೊದಲ ಹೆಂಡತಿಯನ್ನೂ ಮಗುವನ್ನೂ ಪ್ಲೇಗಿನಲ್ಲೇ ಕಳೆದುಕೊಂಡಿದ್ದವರು. 1908ರ ಹೊತ್ತಿಗೆ ಅಲ್ಲೇ ತಮ್ಮದೇ ಮುದ್ರಣಾಲಯ ತೆರೆದರು, ಆಮೇಲೆ ಅದನ್ನು ದಾದರಿಗೆ ಸಾಗಿಸಿದರು, ಬಣ್ಣದ ಅಚ್ಚು ಕಲಿಯಲು ಜರ್ಮನಿಗೂ ಹೋಗಿಬಂದರು. ಪಾಲುದಾರರೊಂದಿಗೆ ಒಡಕು ಬಂದು ಎಲ್ಲ ಬಿಟ್ಟು ಹೊರಬಂದಾಗ ವಯಸ್ಸು ನಲವತ್ತು ದಾಟಿತ್ತು. ಹೆಸರು ಧುಂಡಿರಾಜ ಗೋವಿಂದ ಫಾಳ್ಕೆ. ಹೌದು, ನಮ್ಮ ದಾದಾಸಾಹೇಬ್ ಫಾಳ್ಕೆ!

ಸಿನಿಮಾ ಮಾಡುತ್ತೇನೆಂದರೆ ದುಡ್ಡು ಕೊಡುವವರು ಯಾರು? ವಿಮಾ ಪಾಲಿಸಿ ಅಡವಿಟ್ಟು 1912ರಲ್ಲಿ ಲಂಡನ್ನಿಗೆ ಹೋಗಿ ಕ್ಯಾಮೆರಾ ತಂದರು. ಬಂದವರು ಮೊದಲು ಚಿತ್ರಿಸಿದ್ದು ಕುಂಡದಲ್ಲಿ ಬಿತ್ತಿದ ಬಟಾಣಿ ಕಾಳನ್ನು. ಒಂದು ತಿಂಗಳಿಗೂ ಹೆಚ್ಚು ಕಾಲ ಅದರ ಮುಂದೆ ಕ್ಯಾಮೆರಾ ಇಟ್ಟು, ಒಂದೊಂದೇ ಚೌಕಟ್ಟು ತೆಗೆದು ಕೂಡಿಸಿದರು. ಪರದೆಯ ಮೇಲೆ ಒಂದು ನಿಮಿಷದಲ್ಲಿ ಕಾಳು ಮೊಳೆತು ಬಳ್ಳಿಯಾಯಿತು. ಅದನ್ನು ನೋಡಿದ ಮೇಲೆ ಸಾಲ ಹುಟ್ಟಿತು. 1913ರ ಮೇ 3ರಂದು ‘ರಾಜಾ ಹರಿಶ್ಚಂದ್ರ’ ತೆರೆಕಂಡಿತು. ಮುಂದೆ ಬೆಂಕಿಕಡ್ಡಿಗಳನ್ನು ಕುಣಿಸಿಯೂ ಒಂದು ಕಿರುಚಿತ್ರ ಮಾಡಿದರು. ಕಲ್ಲಚ್ಚಿನವರು ಚಿತ್ರವನ್ನು ಬಣ್ಣ ಬಣ್ಣವಾಗಿ ಬಿಡಿಸಿದರೆ, ಫಾಳ್ಕೆ ಚಲನೆಯನ್ನು ಚೌಕಟ್ಟು ಚೌಕಟ್ಟಾಗಿ ಬಿಡಿಸಿದರು. ಅಚ್ಚುಮನೆಯ ಆ ಶಿಸ್ತಿಲ್ಲದೆ ಬಟಾಣಿಯ ಮುಂದೆ ತಿಂಗಳುಗಟ್ಟಲೆ ಕೂರುವ ಬುದ್ಧಿ ಬರುತ್ತಿತ್ತೇ? ಬರುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. ಅಕ್ಕನ ಮಗಳ ಬೆಕ್ಕು ನಡೆಯುವುದೂ ಎರಡು ಚಿತ್ರ ಬದಲಿಸುವುದರಿಂದಲೇ. ಸ್ಕ್ರ್ಯಾಚ್‌ನಲ್ಲಿ ಅದಕ್ಕೆ ‘ಕಾಸ್ಟ್ಯೂಮ್’ ಎನ್ನುತ್ತಾರೆ, ಅಂದರೆ ವೇಷ.

ನನ್ನದೂ ಒಂದು ಹಳೆಯ ಲೆಕ್ಕ ಚುಕ್ತಾ ಮಾಡಬೇಕಿದೆ. ತೊಂಬತ್ತರ ದಶಕದಲ್ಲಿ ಬೇಸಿಗೆ ರಜೆಗೆ ಹುಬ್ಬಳ್ಳಿಯ ದೊಡ್ಡಪ್ಪನ ಮನೆಗೆ ಹೋದಾಗ ಟಿವಿ ಗೇಮಿನಲ್ಲಿ ‘ಕಾಂಟ್ರಾ’ ಆಡುತ್ತಿದ್ದೆವು. ಶತ್ರುಗಳು, ಗುಂಡುಗಳು ಒಂದೇ ಸಾಲಿಗೆ ಬಂದರೆ ಚಿತ್ರ ಮಿಣುಕುತ್ತಿತ್ತು, ಕಾಣದ ಗುಂಡಿಗೆ ನಾನು ಸಾಯುತ್ತಿದ್ದೆ. ಕ್ಯಾಸೆಟ್ ಕೆಡಿಸಿದ್ದು ನೀನೇ ಎಂದು ಅಣ್ಣಂದಿರು ಬೈದರು. ಕ್ಯಾಸೆಟ್ ತೆಗೆದು ಉಫ್ ಎಂದು ಊದಿದ್ದೇ ಊದಿದ್ದು! ಕಾರಣ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ಯಂತ್ರ ಪರದೆಯಲ್ಲಿ 64 ಗೊಂಬೆ ತೋರಿಸಬಲ್ಲದು, ಆದರೆ ಒಂದು ಅಡ್ಡಗೆರೆಯಲ್ಲಿ ಎಂಟೇ. ಒಂಬತ್ತನೆಯದು ಕಾಣುವುದಿಲ್ಲ. ಅದೇ ಗೊಂಬೆ ಪೂರ್ತಿ ಮಾಯವಾಗದಿರಲಿ ಎಂದು ಪ್ರೋಗ್ರಾಮ್ ಬರೆದವರು ಸರದಿ ಬದಲಿಸುತ್ತಿದ್ದರು, ಅದರಿಂದ ಮಿಣುಕು. ಅಣ್ಣಂದಿರು ಇದನ್ನು ಓದುತ್ತಿದ್ದರೆ ಗಮನಿಸಲಿ.

ಮಳವಲಿಯ ಮುದ್ರಣಾಲಯ 1972ರಲ್ಲಿ ಬೆಂಕಿಗೆ ತುತ್ತಾಯಿತು. ಪಟಗಳ ಮೇಲೆ ರವಿವರ್ಮರ ಹೆಸರಿತ್ತು. ಕಲ್ಲಿನ ಮೇಲೆ ಲಕ್ಷ್ಮಿಯನ್ನು ತಿರುವುಮುರುವಾಗಿ ಬಿಡಿಸಿದ ಕೈಗಳ ಹೆಸರನ್ನು ಪಟದಲ್ಲಿ ಅಚ್ಚು ಹಾಕುವ ಪದ್ಧತಿ ಇರಲಿಲ್ಲ. ಮೊದಮೊದಲ ಟಿವಿ ಗೇಮುಗಳಲ್ಲೂ ಗೊಂಬೆ ಬರೆದವರ ಹೆಸರು ಹೆಚ್ಚಾಗಿ ಕಾಣುತ್ತಿರಲಿಲ್ಲ.

ಊರಿಗೆ ಹೋದಾಗ ಅಟ್ಟದಲ್ಲೋ ದೇವರ ಮನೆಯಲ್ಲೋ ಹಳೆಯ ಪಟವೊಂದು ಸಿಕ್ಕರೆ ಕೆಳ ಅಂಚನ್ನು ಒರೆಸಿ ನೋಡಿ. ‘ರವಿವರ್ಮ ಪ್ರೆಸ್, ಕಾರ್ಲಾ-ಲೋಣಾವಳಾ’ ಎಂದು ಇಂಗ್ಲಿಷಿನಲ್ಲಿ ಇದ್ದರೂ ಇರಬಹುದು. ಇದ್ದರೆ ಒಂದು ಭೂತಗನ್ನಡಿ ತಂದು ದೇವಿಯ ಬೆರಳ ತುದಿಯನ್ನೂ ಸೀರೆಯ ಅಂಚನ್ನೂ ನೋಡಿ. ಒಂದು ಬಣ್ಣ ಇನ್ನೊಂದರಿಂದ ಒಂದಿಷ್ಟೇ ಇಷ್ಟು ಪಕ್ಕಕ್ಕೆ ಸರಿದಿದೆಯೇ? ಪಟ ಎಲ್ಲಿ ಸಿಕ್ಕಿತು, ಯಾವ ಬಣ್ಣ ಸರಿದಿತ್ತು ಎಂದು ನಮಗೆ ಒಂದು ಕಾರ್ಡು ಬರೆದು ಹಾಕಿ.